ಅಳಿಲುಗಳ ಎತ್ತಂಗಡಿ

ಹಿತ್ತಿಲಿನಲ್ಲಿ ಒಂದು ಸೀಬೆಯ ಗಿಡವನ್ನೋ ಸಪೋಟದ ಮರವನ್ನೋ ಬೆಳೆಸಿಕೊಂಡವರಿಗೆ ಅಳಿಲಿನ ಪರಿಚಯವನ್ನು ಬೇರೆಯವರು ಮಾಡಿಕೊಡಬೇಕಾಗಿಲ್ಲ. ಹಣ್ಣು ಇನ್ನೆರಡು ದಿನಕ್ಕೆ ಪಕ್ವವಾದೀತೆಂದು ಮನೆಯ ಯಜಮಾನರು ಲೆಕ್ಕ ಹಾಕಿರುತ್ತಾರೆ. ಅದೇ ಲೆಕ್ಕವನ್ನು ಅವರಿಗಿಂತ ಮೊದಲೇ ಮುಗಿಸಿದ ಪ್ರಾಣಿಯೊಂದು ಬೆಳಗಾಗುತ್ತಲೇ ಬಂದು, ಅರ್ಧ ತಿಂದು, ಉಳಿದರ್ಧವನ್ನು ಯಜಮಾನರ ಕಣ್ಣಿಗೆ ಬೀಳುವಂತೆ ಕೊಂಬೆಯಲ್ಲೇ ಬಿಟ್ಟು ಹೋಗಿರುತ್ತದೆ. ನಮ್ಮ ಬೀದಿಯ ಗೃಹಸ್ಥರೊಬ್ಬರು, ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಒಂದು ದಿನ ಬೇಸತ್ತು ಇಲಿಬೋನಿನಲ್ಲಿ ಕೊಬ್ಬರಿಯ ಚೂರನ್ನು ಸಿಕ್ಕಿಸಿ ಅಳಿಲನ್ನು ಹಿಡಿದರು. ಬೋನನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹತ್ತು ಕಿಲೋಮೀಟರು ದೂರದ ಮಾವಿನ ತೋಪಿಗೆ ಹೋಗಿ ಬಾಗಿಲು ತೆಗೆದು ಬಂದರು. ಕೇಳಿದವರಿಗೆಲ್ಲ, "ಕೊಲ್ಲಲಿಲ್ಲ ಸ್ವಾಮಿ, ವರ್ಗ ಮಾಡಿಸಿದೆ ಅಷ್ಟೆ" ಎಂದರು. ಅವರ ಮುಖದಲ್ಲಿ ಪುಣ್ಯದ ಕೆಲಸ ಮಾಡಿದವರ ನೆಮ್ಮದಿಯಿತ್ತು.

ಈ ಮಾತು ಕೇಳಿದಾಗ ನನಗೆ ನೆನಪಾದದ್ದು ಇದೇ ಕಷ್ಟಕ್ಕೆ ಇದೇ ಪರಿಹಾರವನ್ನು ಹುಡುಕಿದ ಮತ್ತೊಂದು ಮನೆ. ಅದು ಇರುವುದು ವಾಷಿಂಗ್‌ಟನ್ನಿನಲ್ಲಿ, ಅದರ ಯಜಮಾನರು ಆಗ ಅಮೆರಿಕಾ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಡ್ವೈಟ್ ಐಸೆನ್‌ಹೋವರ್, ವರ್ಷ 1955. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಸೇನೆಯನ್ನು ನಾರ್ಮಂಡಿಯ ದಡಕ್ಕೆ ಇಳಿಸಿದ ಸೇನಾನಿಗೂ ಬಾಲದ ಪ್ರಾಣಿಯೊಂದಕ್ಕೂ ನಡೆದ ಈ ವ್ಯಾಜ್ಯ ಸೆನೆಟ್ ಸಭೆಯವರೆಗೆ ಹೋಯಿತು.

ಐಸೆನ್‌ಹೋವರ್ ಅವರಿಗೆ ಗಾಲ್ಫ್ ಆಟದ ಮೇಲೆ ಇದ್ದ ಮೋಹ ಲೋಕಪ್ರಸಿದ್ಧ. ಆ ಆಟದ ಕಡೆಯ ಘಟ್ಟದಲ್ಲಿ ಚೆಂಡನ್ನು ಮೆಲ್ಲಗೆ ತಟ್ಟಿ ಗುಳಿಗೆ ಉರುಳಿಸಬೇಕು. ಅದಕ್ಕೆ ಬೇಕಾದ ನೆಲ ಮೇಜಿನ ಮೇಲೆ ಹಾಸಿದ ಬನಾತಿನಂತೆ ನುಣುಪಾಗಿರಬೇಕು. ಒಂದು ಬೆರಳಿನಷ್ಟು ಕುಳಿ ಇದ್ದರೂ ಚೆಂಡು ದಾರಿ ತಪ್ಪುತ್ತದೆ. ಅಂಥ ಹಸಿರು ಹಾಸೊಂದನ್ನು 1954ರಲ್ಲಿ ಅಮೆರಿಕಾದ ಗಾಲ್ಫ್ ಸಂಘದವರು ಶ್ವೇತಭವನದ ದಕ್ಷಿಣದ ಅಂಗಳದಲ್ಲಿ, ಅಧ್ಯಕ್ಷರ ಕಚೇರಿಗೆ ಸಮೀಪದಲ್ಲೇ ಸಿದ್ಧಪಡಿಸಿ ಕೊಟ್ಟರು. ಕಡತಗಳ ನಡುವೆ ಬಿಡುವಾದಾಗ ಅಧ್ಯಕ್ಷರು ಮುಳ್ಳಟ್ಟೆಯ ಬೂಟು ಮೆಟ್ಟಿ ಅಲ್ಲಿಗೆ ಇಳಿಯುತ್ತಿದ್ದರು. ಕಚೇರಿಯ ನೆಲದಲ್ಲಿ ಮೇಜಿನಿಂದ ಬಾಗಿಲಿನವರೆಗೆ ಆ ಬೂಟಿನ ಮುಳ್ಳುಗಳ ಗುರುತು ಬಹುಕಾಲ ಉಳಿದಿತ್ತೆಂದು ಹೇಳುತ್ತಾರೆ.

ಆದರೆ ಅಂಗಳಕ್ಕೆ ಅಧ್ಯಕ್ಷರಿಗಿಂತ ಹಳಬರಾದ ಒಕ್ಕಲುಗಳಿದ್ದವು. ಅಲ್ಲಿನ ಬೂದು ಅಳಿಲನ್ನು ನಮ್ಮ ಮೂರುಗೆರೆಯ ಅಳಿಲಿನಂತೆ ಭಾವಿಸಬಾರದು. ನಮ್ಮದು ನೂರು ಗ್ರಾಮಿನ ಆಸುಪಾಸಿನ, ಅಂಗೈಯಲ್ಲಿ ಕೂರುವ ಜೀವ. ಅದು ಅರ್ಧ ಕಿಲೋ ತೂಗುತ್ತದೆ, ಬಾಲವೋ ಮೈಯಷ್ಟೇ ಪೊದೆಪೊದೆಯಾಗಿರುತ್ತದೆ. ಚಳಿಗಾಲದ ಹಿಮವನ್ನು ಎದುರಿಸಬೇಕಾದ ಪ್ರಾಣಿಯಾದ್ದರಿಂದ ಶರತ್ಕಾಲದಲ್ಲಿ ಉದುರುವ ಓಕ್ ಮರದ ಕಾಯಿಗಳನ್ನು ಒಂದು ಗುಂಡಿಗೆ ಒಂದರಂತೆ ನೂರಾರು ಕಡೆ ಹೂಳುತ್ತದೆ. ಹಸಿದಾಗ ಬಂದು ತೋಡಿಕೊಳ್ಳುತ್ತದೆ. ಹೂಳಲು ಮೆತ್ತನೆಯ, ಕಲ್ಲಿಲ್ಲದ, ಹುಲ್ಲು ಚಿಕ್ಕದಾಗಿ ಕತ್ತರಿಸಿದ ನೆಲ ಸಿಕ್ಕಿದರೆ ಅದಕ್ಕಿಂತ ಭಾಗ್ಯವೇನು? ಗಾಲ್ಫ್ ಸಂಘದವರು ತಮಗೆ ತಿಳಿಯದೆಯೇ ಅಳಿಲುಗಳಿಗೆ ಕಣಜವೊಂದನ್ನು ಕಟ್ಟಿಸಿಕೊಟ್ಟಂತಾಯಿತು.

ಶ್ವೇತಭವನದಲ್ಲಿ ಬಹುಕಾಲ ಊಳಿಗದಲ್ಲಿದ್ದ ಜೆ. ಬಿ. ವೆಸ್ಟ್ ಎಂಬವರು 1973ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ ಈ ಪ್ರಸಂಗವನ್ನು ಬರೆದಿದ್ದಾರೆ. ಹಿಂದಿನ ಅಧ್ಯಕ್ಷ ಟ್ರೂಮನ್ ಅವರ ಕಾಲದಲ್ಲಿ ತಿನಿಸು ತಿಂದು ಪಳಗಿದ್ದ ಅಳಿಲುಗಳಿಗೆ ಮನುಷ್ಯರ ಭಯವೇ ಇರಲಿಲ್ಲವಂತೆ. ಐಸೆನ್‌ಹೋವರ್ ಅವರು ಸಿಟ್ಟಿನಿಂದ ತಮ್ಮ ಆಪ್ತ ಪರಿಚಾರಕನನ್ನು ಕರೆದು, ಇನ್ನೊಮ್ಮೆ ಅವು ಹುಲ್ಲಿಗೆ ಕಾಲಿಟ್ಟರೆ ಕೋವಿ ತಂದು ಹೊಡೆದುಬಿಡು ಎಂದು ಹೇಳಿದರಂತೆ. ಅಧ್ಯಕ್ಷರ ಮನೆಯಂಗಳದಲ್ಲಿ ಕೋವಿಯ ಸದ್ದು ಕೇಳಿದರೆ ಏನೇನಾದೀತೆಂಬುದನ್ನು ಅಂಗರಕ್ಷಕರು ಬಲ್ಲರು. ಕೋವಿಯ ಮಾತು ಅಲ್ಲಿಗೆ ನಿಂತು, ಬೋನುಗಳು ಬಂದವು. ಹಿಡಿದ ಅಳಿಲುಗಳನ್ನು ಕೊಲ್ಲದೆ ದೂರಕ್ಕೆ ಒಯ್ದು ಬಿಡುವುದೆಂದು ತೀರ್ಮಾನವಾಯಿತು. ನಮ್ಮ ಬೀದಿಯ ಗೃಹಸ್ಥರು ಮಾಡಿದ್ದೂ ಇದನ್ನೇ.

ಆ ಬೋನು ಇಂಥ ಕಂಪನಿಯದೆಂದು ನಾನು ಹೇಳಹೊರಟಿಲ್ಲ. ಆದರೆ ಜೀವಸಹಿತ ಹಿಡಿಯುವ ತಂತಿಬೋನುಗಳು ಆ ಹೊತ್ತಿಗಾಗಲೇ ಅಮೆರಿಕಾದ ಅಂಗಡಿಗಳಲ್ಲಿ ದೊರೆಯುತ್ತಿದ್ದವು. ಅವುಗಳಲ್ಲಿ ಒಂದರ ಹೆಸರು 'ಹ್ಯಾವಹಾರ್ಟ್'. ಒಡೆದು ಓದಿದರೆ 'ಸ್ವಲ್ಪ ದಯೆಯಿರಲಿ' ಎಂಬರ್ಥ ಬರುವಂತೆ ಜಾಣತನದಿಂದ ಇಟ್ಟ ಹೆಸರು. ಅಂಥ ಬೋನಿನ ಬಾಗಿಲು ಬೀಳುವಾಗ ಪ್ರಾಣಿಯ ಕಾಲು ಮುರಿಯುವುದಿಲ್ಲ, ಚರ್ಮ ಹರಿಯುವುದಿಲ್ಲ. ಹಿಡಿದವನ ಮನಸ್ಸಿಗೂ ಗಾಯವಾಗುವುದಿಲ್ಲ. ಬೋನಿನ ವ್ಯಾಪಾರಕ್ಕೆ ಇದೂ ಒಂದು ಕಾರಣವಿರಬೇಕು.

ಸುದ್ದಿ ಹೊರಬಿದ್ದದ್ದೇ ತಡ, ರಿಚರ್ಡ್ ನ್ಯೂಬರ್ಗರ್ ಎದ್ದು ನಿಂತರು. ಓರೆಗಾನ್ ಸಂಸ್ಥಾನದಿಂದ ಆರಿಸಿ ಬಂದು ಸೆನೆಟ್ ಸಭೆಯಲ್ಲಿ ಕುಳಿತು ಅವರಿಗಿನ್ನೂ ಮೂರು ತಿಂಗಳಾಗಿರಲಿಲ್ಲ. ಮೂಲತಃ ಪತ್ರಕರ್ತರು, ಕಾಡುಗಳ ಪಕ್ಷಪಾತಿ. ರಾಜಕೀಯದಲ್ಲಿ ಐಸೆನ್‌ಹೋವರ್ ಅವರ ಎದುರು ಪಕ್ಷದವರು. ಅಳಿಲುಗಳನ್ನು ಅವುಗಳ ಮನೆಯಿಂದ ಗಡೀಪಾರು ಮಾಡುವುದು ಅನ್ಯಾಯವೆಂದು 1955ರ ಮಾರ್ಚಿ ತಿಂಗಳಲ್ಲಿ ಅವರು ಸಭೆಯಲ್ಲೇ ಆಕ್ಷೇಪವೆತ್ತಿದರು. ಬರಿಯ ಆಕ್ಷೇಪವಲ್ಲ; ಹುಲ್ಲಿನ ಸುತ್ತ ಬೇಲಿ ಹಾಕಿಸಿದರೆ ಆಟವೂ ಉಳಿಯುತ್ತದೆ, ಅಳಿಲೂ ಉಳಿಯುತ್ತದೆ, ಅದರ ಖರ್ಚಿಗೆ ಜನರಿಂದಲೇ ಚಂದಾ ಎತ್ತೋಣವೆಂದು ಹೇಳಿ 'ಶ್ವೇತಭವನದ ಅಳಿಲುಗಳ ರಕ್ಷಣಾ ನಿಧಿ'ಯನ್ನು ಆರಂಭಿಸಿಯೂ ಬಿಟ್ಟರು. ಚಂದಾ ಬಂದಿತು. ರಾಮಸೇತುವಿಗೆ ಮರಳು ಹೊತ್ತ ನಮ್ಮ ಅಳಿಲಿನ ಕಥೆಯಿಂದ 'ಅಳಿಲುಸೇವೆ' ಎಂಬ ಮಾತು ಹುಟ್ಟಿತಲ್ಲ, ಅಲ್ಲಿ ಅದು ತಿರುಗುಮುರುಗಾಗಿ ಮನುಷ್ಯರೇ ಅಳಿಲುಗಳಿಗೆ ಅಳಿಲುಸೇವೆ ಸಲ್ಲಿಸಿದರು. ಪತ್ರಿಕೆಗಳಿಗೆ ಹಬ್ಬವಾಯಿತು, ವ್ಯಂಗ್ಯಚಿತ್ರಗಾರರಿಗೆ ಕೇಳಬೇಕೆ?

ಎರಡು ಪಕ್ಷಗಳ ಜಗಳದಲ್ಲಿ ಇದೊಂದು ತಮಾಷೆಯ ಅಧ್ಯಾಯವೆಂದು ಅಮೆರಿಕದವರು ಇಂದಿಗೂ ನಗುತ್ತಾರೆ. ನಗಬೇಕಾದದ್ದೇ. ಆದರೆ ಆ ಗದ್ದಲವನ್ನು ಈಗ ಓದುವಾಗ ಒಂದು ಸಂಗತಿ ಮನಸ್ಸಿಗೆ ಚುಚ್ಚುತ್ತದೆ. ಕೋವಿಯೇ ಬೋನೇ ಎಂದು ಚರ್ಚೆ ನಡೆಯಿತು, ಬೋನೇ ಬೇಲಿಯೇ ಎಂದೂ ಚರ್ಚೆ ನಡೆಯಿತು. ಒಯ್ದು ಬಿಟ್ಟ ಅಳಿಲುಗಳು ಮರುದಿನ ಏನು ತಿಂದವು, ಎಲ್ಲಿ ಮಲಗಿದವು ಎಂದು ಯಾರೂ ಕೇಳಲಿಲ್ಲ. ಕಾಡಿನ ಪ್ರಾಣಿ ಕಾಡಿಗೆ ಹೋಯಿತು, ಅದಕ್ಕೇನು ಕೊರತೆ ಎಂಬುದೇ ಎಲ್ಲರ ಭಾವನೆ.

ನಿಜ ನೋಡಿದರೆ ಆ ದೇಶದ ಪಟ್ಟಣಗಳ ಅಳಿಲು ಕಾಡಿನಿಂದ ದಾರಿತಪ್ಪಿ ಬಂದ ಪ್ರಾಣಿಯೇ ಅಲ್ಲ. ಅದನ್ನು ಮನುಷ್ಯನೇ ಕೈಯಾರೆ ತಂದು ಬಿಟ್ಟದ್ದು. ಇದರ ಚರಿತ್ರೆ ಸ್ವಾರಸ್ಯವಾಗಿದೆ. ಬ್ರಿಟಿಷರ ವಸಾಹತಾಗಿದ್ದಾಗ ಅಲ್ಲಿನ ರೈತನಿಗೆ ಬೂದು ಅಳಿಲು ಜೋಳದ ಹೊಲವನ್ನು ಸೂರೆಮಾಡುವ ಕಳ್ಳ. 1749ರಲ್ಲಿ ಪೆನ್ಸಿಲ್ವೇನಿಯಾದ ಸರ್ಕಾರ ತಲೆಯೊಂದಕ್ಕೆ ಮೂರು ಪೆನ್ನಿ ಬಹುಮಾನ ಸಾರಿದಾಗ ಜನ 6,40,000 ಅಳಿಲುಗಳನ್ನು ಕೊಂದು ತಂದರು. ಬೊಕ್ಕಸದಿಂದ ಎಂಟು ಸಾವಿರ ಪೌಂಡು ಖರ್ಚಾಯಿತು. ಇನ್ನೂ ನೂರು ವರ್ಷ ತುಂಬುವ ಮೊದಲೇ, 1847ರಲ್ಲಿ, ಅದೇ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದ ಫ್ರಾಂಕ್ಲಿನ್ ಚೌಕದಲ್ಲಿ ಮೂರು ಅಳಿಲುಗಳನ್ನು ತಂದು ಬಿಟ್ಟು, ಮರಗಳಿಗೆ ಗೂಡುಪೆಟ್ಟಿಗೆ ಕಟ್ಟಿ, ತಿನ್ನಲು ಕಾಳುಕಡ್ಡಿ ಇಟ್ಟು ಸಾಕತೊಡಗಿದರು! ಅಜ್ಜಂದಿರು ಹಣ ಕೊಟ್ಟು ಕೊಲ್ಲಿಸಿದ್ದನ್ನು ಮೊಮ್ಮಕ್ಕಳು ಹಣ ಕೊಟ್ಟು ತರಿಸಿದರು. ನಡುವೆ ಆದದ್ದೇನೆಂದರೆ ಪಟ್ಟಣ ಬೆಳೆದು ಮರ ಕಡಿದು, ಅಳಿಲು ಕಣ್ಮರೆಯಾಗಿತ್ತು. ಕಣ್ಮರೆಯಾದದ್ದರ ಮೇಲೆ ಪ್ರೀತಿ ಹುಟ್ಟುವುದು ಪಟ್ಟಣದವರ ಸ್ವಭಾವವಷ್ಟೆ.

ಬೋಸ್ಟನ್, ನ್ಯೂಹೇವನ್ ಪಟ್ಟಣಗಳು ಈ ಪದ್ಧತಿಯನ್ನು ಅನುಸರಿಸಿದವು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ 1877ರಲ್ಲಿ ಅಳಿಲು ಬಂದಿತು. ಆರೇ ವರ್ಷದಲ್ಲಿ ಅಲ್ಲಿ ಒಂದೂವರೆ ಸಾವಿರವಾಗಿವೆಯೆಂದು ಅಂದಾಜು ಮಾಡಿದರು. ಉದ್ಯಾನದಲ್ಲಿ ಅಳಿಲಿಗೆ ಕಾಳು ಕೊಡುವ ಮಗು ದೊಡ್ಡದಾದ ಮೇಲೆ ಕ್ರೂರಿಯಾಗುವುದಿಲ್ಲವೆಂಬ ನಂಬಿಕೆಯೂ ಆಗ ಪ್ರಬಲವಾಗಿತ್ತು. ಪ್ರಾಣಿಗಳ ಕಥೆಗಾರನೆಂದು ಹೆಸರಾದ ಅರ್ನೆಸ್ಟ್ ತಾಂಪ್ಸನ್ ಸೆಟನ್ 1914ರಲ್ಲಿ ಬಾಲಕರ ಪತ್ರಿಕೆಯೊಂದರಲ್ಲಿ, ಅಳಿಲಿಲ್ಲದ ಊರುಗಳಿಗೆ ಅಳಿಲುಗಳನ್ನು ಮಿಷನರಿಗಳಂತೆ ಕಳುಹಿಸಬೇಕೆಂದು ಬರೆದ. ವಾಷಿಂಗ್‌ಟನ್ನಿನ ಸರ್ಕಾರಿ ಮೃಗಾಲಯದವರಂತೂ ಊರಿನಲ್ಲಿ ಬೂದು ಬಣ್ಣದವು ಇದ್ದುದು ಸಾಲದೆಂದು 1902 ಮತ್ತು 1906ರಲ್ಲಿ ಕೆನಡಾದಿಂದ ಹದಿನೆಂಟು ಕಪ್ಪು ಅಳಿಲುಗಳನ್ನು ತರಿಸಿ ಬಿಟ್ಟರು. ಅವುಗಳ ಸಂತತಿ ಇಂದಿಗೂ ಆ ನಗರದ ಮರಗಳಲ್ಲಿ ಓಡಾಡುತ್ತಿದೆ. ಐಸೆನ್‌ಹೋವರ್ ಅವರ ಹುಲ್ಲನ್ನು ಕೆದಕಿದ ಅಳಿಲು ಇಂಥ ಪರಂಪರೆಗೆ ಸೇರಿದ್ದು. ತಂದವರೂ ದಯಾವಂತರೇ, ಒಯ್ದವರೂ ದಯಾವಂತರೇ. ಅಳಿಲನ್ನು ಮಾತ್ರ ಯಾರೂ ಕೇಳಿರಲಿಲ್ಲ.

ದಯೆಯ ಈ ಸಾಗಾಣಿಕೆ ಸಮುದ್ರವನ್ನೂ ದಾಟಿತು. ಇಂಗ್ಲೆಂಡಿನ ಚೆಷೈರ್ ಪ್ರಾಂತದ ಹೆನ್‌ಬರಿ ಪಾರ್ಕಿನಲ್ಲಿ 1876ರಲ್ಲಿ ಬ್ರಾಕಲ್‌ಹರ್ಸ್ಟ್ ಎಂಬ ಶ್ರೀಮಂತ ಅಮೆರಿಕಾದಿಂದ ತಂದ ಒಂದು ಜೊತೆ ಬೂದು ಅಳಿಲನ್ನು ತೋಟದ ಅಲಂಕಾರಕ್ಕೆಂದು ಬಿಟ್ಟ. 1890ರಲ್ಲಿ ವೋಬರ್ನ್ ಅರಮನೆಯ ತೋಟಕ್ಕೆ ನ್ಯೂಜರ್ಸಿಯಿಂದ ಹತ್ತು ಬಂದವು. ಅಲ್ಲಿನ ಬೆಡ್‌ಫರ್ಡ್ ಡ್ಯೂಕ್ ಅವರು ಅವುಗಳ ಮರಿಗಳನ್ನು ಬೇಕಾದವರಿಗೆಲ್ಲ ಉಡುಗೊರೆಯಾಗಿ ಕಳುಹಿಸಿದರು. ನಮ್ಮಲ್ಲಿ ಮಲ್ಲಿಗೆಯ ಬಳ್ಳಿಯ ತುಂಡನ್ನು ನೆಂಟರಿಗೆ ಕೊಟ್ಟು ಕಳುಹಿಸುವ ಹಾಗೆ. ಇಂಗ್ಲೆಂಡಿನ ಸ್ವಂತದ ಕೆಂಪು ಅಳಿಲಿಗೆ ಇದು ಮರಣಶಾಸನವಾಯಿತು. ಹೊಸಬ ಗಾತ್ರದಲ್ಲಿ ದೊಡ್ಡವನು. ಇನ್ನೂ ಪಕ್ವವಾಗದ ಕಾಯನ್ನೂ ಜೀರ್ಣಿಸಿಕೊಳ್ಳಬಲ್ಲ. ಸಾಲದುದಕ್ಕೆ ತನಗೆ ಅಷ್ಟಾಗಿ ತಟ್ಟದ ಸಿಡುಬಿನಂಥ ರೋಗವೊಂದನ್ನು ಹೊತ್ತು ತಂದು ಹಳಬನಿಗೆ ಅಂಟಿಸುತ್ತಾನೆ. ಕೆಂಪು ಅಳಿಲು ಇಂಗ್ಲೆಂಡಿನ ಬಹುಭಾಗದಲ್ಲಿ ಇಲ್ಲವಾಗಿ, ಉತ್ತರದ ಕಾಡುಗಳಲ್ಲೂ ಕೆಲವು ದ್ವೀಪಗಳಲ್ಲೂ ತಲೆಮರೆಸಿಕೊಂಡಿದೆ. 1937ರಲ್ಲಿ ಬೂದು ಅಳಿಲನ್ನು ತರುವುದನ್ನೂ ಸಾಕುವುದನ್ನೂ ಸರ್ಕಾರ ನಿಷೇಧಿಸಿತು. 1953ರಲ್ಲಿ ಬಾಲವೊಂದಕ್ಕೆ ಒಂದು ಶಿಲಿಂಗ್ ಬಹುಮಾನ ಗೊತ್ತುಮಾಡಿ, ಮುಂದೆ ಅದನ್ನು ಎರಡು ಶಿಲಿಂಗಿಗೆ ಏರಿಸಿತು. ವಾಷಿಂಗ್‌ಟನ್ನಿನಲ್ಲಿ ಅಳಿಲಿನ ರಕ್ಷಣೆಗೆ ಚಂದಾ ಎತ್ತುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಅದೇ ಅಳಿಲಿನ ಬಾಲಕ್ಕೆ ಬೆಲೆ ಕಟ್ಟಿದ್ದು ವಿಚಿತ್ರವಲ್ಲವೆ?

ಅದಕ್ಕಿಂತ ವಿಚಿತ್ರ ಇಟಲಿಯ ಕಥೆ. 1948ರಲ್ಲಿ ವಾಷಿಂಗ್‌ಟನ್ನಿನಿಂದಲೇ ಹೋದ ಎರಡು ಜೊತೆ ಅಳಿಲುಗಳು ಟುರಿನ್ ನಗರದ ಸಮೀಪದ ಸ್ಟುಪಿನಿಗಿಯಲ್ಲಿ ಬಿಡುಗಡೆಯಾದವು. ಅವುಗಳ ವಂಶ ನಿಧಾನವಾಗಿ ಹರಡಿತು. ಹೀಗೇ ಬಿಟ್ಟರೆ ಆಲ್ಪ್ಸ್ ಪರ್ವತವನ್ನು ದಾಟಿ ಯುರೋಪಿನ ಕೆಂಪು ಅಳಿಲಿಗೆಲ್ಲ ಕಂಟಕವಾದೀತೆಂದು ಹೆದರಿದ ವಿಜ್ಞಾನಿಗಳು 1997ರಲ್ಲಿ ಅವನ್ನು ಹಿಡಿದು ನೋವಿಲ್ಲದಂತೆ ಕೊಲ್ಲುವ ಪ್ರಯೋಗವನ್ನು ಕೈಗೊಂಡರು. ಪ್ರಾಣಿಪ್ರಿಯರು ನ್ಯಾಯಾಲಯಕ್ಕೆ ಹೋದರು. ವಿಜ್ಞಾನಿಗಳು ಆರೋಪಿಗಳಾಗಿ ನಿಂತು, 2000ದಲ್ಲಿ ನಿರ್ದೋಷಿಗಳೆನಿಸಿಕೊಂಡು ಹೊರಬರುವ ಹೊತ್ತಿಗೆ ಅಳಿಲುಗಳು ಕೈಮೀರಿದ್ದವು. ಇದರಲ್ಲಿ ಯಾರ ಪಕ್ಷವನ್ನು ವಹಿಸಬೇಕೆಂದು ಕೇಳಿದರೆ ನಾನು ವಿಜ್ಞಾನಿಗಳ ಕಡೆಗೆ ವಾಲುತ್ತೇನೆ. ಆದರೆ ಒಂದೊಂದು ಅಳಿಲಿನ ಕಣ್ಣನ್ನು ನೋಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರನ್ನು ಮೂರ್ಖರೆಂದು ಕರೆಯಲು ನಾಲಗೆ ಬಾರದು.

ಮತ್ತೆ ವಾಷಿಂಗ್‌ಟನ್ನಿಗೇ ಬರೋಣ. ಶ್ವೇತಭವನದ ಎದುರು ಬೀದಿಯಾಚೆಗೆ ಲಾಫಾಯೆಟ್ ಚೌಕವೆಂಬ ಪುಟ್ಟ ಉದ್ಯಾನವುಂಟು. ಮಧ್ಯಾಹ್ನದ ವಿರಾಮದಲ್ಲಿ ಕಚೇರಿಗಳ ನೌಕರರು ಅಲ್ಲಿನ ಬೆಂಚುಗಳ ಮೇಲೆ ಬುತ್ತಿ ಬಿಚ್ಚುತ್ತಾರೆ, ಕಡಲೇಕಾಯಿ ಎಸೆಯುತ್ತಾರೆ. 1970ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಹೆಕ್ಟೇರೊಂದಕ್ಕೆ ಐವತ್ತಕ್ಕೂ ಮಿಗಿಲಾಗಿ ಅಳಿಲುಗಳು ಸೇರಿದ್ದವು. ಅಷ್ಟು ದಟ್ಟಣೆಯನ್ನು ಅದಕ್ಕೆ ಮುಂಚೆ ಯಾರೂ ಎಲ್ಲಿಯೂ ಎಣಿಸಿರಲಿಲ್ಲ. ಮರಗಳ ತೊಗಟೆ ಸುಲಿದುಹೋಯಿತು, ಹೂವಿನ ಪಾತಿಗಳು ಹಾಳಾದವು. ಉದ್ಯಾನದ ಅಧಿಕಾರಿಗಳು 1980ರ ದಶಕದಲ್ಲಿ ಮತ್ತೆ ಬೋನನ್ನೇ ನೆಚ್ಚಿದರು. ಹಿಡಿದವನ್ನು ದೂರ ಸಾಗಿಸಿದರು. ಈ ಕೆಲಸದಲ್ಲಿ ಸಲಹೆಗಾರರಾಗಿ ಸೇರಿದ್ದವರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ವಾಗನ್ ಫ್ಲೈಗರ್ ಒಬ್ಬರು. ಜೀವಮಾನವನ್ನೆಲ್ಲ ಅಳಿಲಿಗೆ ಮುಡಿಪಿಟ್ಟ ಪ್ರಾಧ್ಯಾಪಕರು.

1955ರಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕಡೆಗೆ ಕೇಳಿದವರು ಇವರೇ. ಲೋವೆಲ್ ಆಡಮ್ಸ್, ಜಾನ್ ಹ್ಯಾಡಿಡಿಯನ್ ಎಂಬ ಇಬ್ಬರೊಡನೆ ಸೇರಿ ಫ್ಲೈಗರ್ ಅವರು 1994ರಿಂದ 1997ರವರೆಗೆ ಪಟ್ಟಣದ ಹೊರವಲಯದ ಮನೆಗಳ ಬಳಿ 38 ಪ್ರಾಯದ ಅಳಿಲುಗಳನ್ನು ಜೀವಸಹಿತ ಹಿಡಿದು, ವಿಶಾಲವಾದ ಕಾಡೊಂದಕ್ಕೆ ಒಯ್ದು ಬಿಟ್ಟು, ಮುಂದೇನಾಯಿತೆಂದು ಹಿಂಬಾಲಿಸಿ ನೋಡಿದರು. 88 ದಿನಗಳೊಳಗೆ ನೂರಕ್ಕೆ 97ರಷ್ಟು ಸತ್ತಿದ್ದವು, ಇಲ್ಲವೆ ಬಿಟ್ಟ ಜಾಗದಿಂದ ಕಾಣೆಯಾಗಿದ್ದವು. ಈ ವರದಿ 2004ರಲ್ಲಿ ಪ್ರಕಟವಾಯಿತು. ಅಂದರೆ ಮೂವತ್ತೆಂಟರಲ್ಲಿ ಹೊಸ ಊರಿನಲ್ಲಿ ನೆಲೆನಿಂತದ್ದು ಒಂದು ಎನ್ನಬಹುದು. ಕಾಣೆಯಾದವೆಲ್ಲ ಸತ್ತವೆಂದು ಹೇಳಲಾಗದು. ಹಳೆಯ ಮನೆಯನ್ನು ಹುಡುಕುತ್ತ ಹೊರಟು ಹೋದವೂ ಅವುಗಳಲ್ಲಿ ಇದ್ದಿರಬಹುದು.

ಕಾಡಿನಲ್ಲಿ ಮರವಿಲ್ಲವೆ, ಕಾಯಿಲ್ಲವೆ, ಹೀಗೇಕಾಯಿತು ಎಂದು ವಾಚಕರು ಕೇಳಬಹುದು. ಅಳಿಲಿನ ಆಸ್ತಿ ಇರುವುದು ಮರದಲ್ಲಲ್ಲ, ನೆನಪಿನಲ್ಲಿ. ಬೂದು ಅಳಿಲು ತಾನು ಹೂತ ಕಾಯನ್ನು ಬರಿಯ ವಾಸನೆಯಿಂದ ಪತ್ತೆಹಚ್ಚುತ್ತದೆಂದು ಹಿಂದೆ ಹಲವರು ತಿಳಿದಿದ್ದರು. ಲೂಸಿಯಾ ಜೇಕಬ್ಸ್ ಮತ್ತು ಎಮಿಲಿ ಲೀಮನ್ ಎಂಬ ಸಂಶೋಧಕಿಯರು 1991ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಕ್ಕಪಕ್ಕದಲ್ಲೇ ಬೇರೆ ಅಳಿಲುಗಳು ಹೂತ ಕಾಯಿಗಳಿದ್ದರೂ ಅದು ತಾನು ಹೂತದ್ದನ್ನೇ ಹೆಚ್ಚಾಗಿ ತೋಡಿಕೊಂಡಿತು. ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಯಾವ ಕೊಂಬೆಯಿಂದ ಯಾವ ಕೊಂಬೆಗೆ ಹಾರಿದರೆ ಗಿಡುಗನಿಂದ ತಪ್ಪಿಸಿಕೊಳ್ಳಬಹುದು, ಮಳೆಗೆ ಯಾವ ಪೊಟರೆ ಬೆಚ್ಚಗೆ, ಇದೆಲ್ಲ ತಿಂಗಳುಗಟ್ಟಲೆ ಓಡಾಡಿ ಕಲಿತ ವಿದ್ಯೆ. ಬೋನಿನಲ್ಲಿ ಪ್ರಾಣಿ ಹೋಗುತ್ತದೆ. ಕಣಜ, ಗೂಡು, ದಾರಿ ಯಾವುದೂ ಜೊತೆಗೆ ಹೋಗುವುದಿಲ್ಲ. ಇಳಿದ ಊರಿನಲ್ಲಿ ಪ್ರತಿ ಮರಕ್ಕೂ ಆಗಲೇ ಒಬ್ಬ ಒಡೆಯನಿರುತ್ತಾನೆ. ಮಕ್ಕಳ ಶಾಲೆ, ಹಾಲಿನವನು, ಸಾಲ ಕೊಡುವ ಶೆಟ್ಟರ ಅಂಗಡಿ, ಎಲ್ಲವನ್ನೂ ಬಿಟ್ಟು ನೀರಿಲ್ಲದ ಊರಿಗೆ ವರ್ಗವಾಗಿ ಹೋದ ಗುಮಾಸ್ತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ; ಅವರಿಗೆ ಮೊದಲ ತಿಂಗಳ ಸಂಬಳವಾದರೂ ಬರುತ್ತದೆ.

ಇನ್ನೊಂದು ಮಾತು. ಬೂದು ಅಳಿಲು ಮರಿಹಾಕುವುದು ವರ್ಷಕ್ಕೆರಡು ಸಲ. ಚಳಿಗಾಲದ ಕೊನೆಯಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ. ಮರಿಗಳಿಗೆ ಹುಟ್ಟುವಾಗ ಕಣ್ಣಿಲ್ಲ, ಕೂದಲಿಲ್ಲ. ಎರಡು ತಿಂಗಳಾದರೂ ತಾಯಿಯ ಹಾಲೇ ಗತಿ. ಶ್ವೇತಭವನದ ಬೋನುಗಳ ಸುದ್ದಿ ಸೆನೆಟ್ ಸಭೆಯಲ್ಲಿ ಸದ್ದುಮಾಡಿದ್ದು ಮಾರ್ಚಿ ತಿಂಗಳಲ್ಲಿ, ಗೂಡುಗಳಲ್ಲಿ ಮರಿಗಳಿರುವ ಕಾಲದಲ್ಲಿ. ನ್ಯೂಬರ್ಗರ್ ಅವರು ಗಡೀಪಾರಾದವುಗಳ ಪರವಾಗಿ ವಾದಿಸಿದರು. ಗೂಡಿನಲ್ಲಿ ಉಳಿದವುಗಳ ವಿಚಾರ ಅವರಿಗೂ ಹೊಳೆದಂತೆ ಕಾಣುವುದಿಲ್ಲ. ಆದರೂ ಬೇಲಿ ಹಾಕೋಣವೆಂದ ಅವರ ಸಲಹೆಯೇ, ರಾಜಕೀಯ ಕುಚೋದ್ಯವೆಂದು ಜನ ನಕ್ಕ ಆ ಸಲಹೆಯೇ, ಈಗ ನೋಡಿದರೆ ಇಡೀ ಪ್ರಸಂಗದಲ್ಲಿ ವಿವೇಕದ ಮಾತಾಗಿತ್ತು. ಅವರು 1960ರಲ್ಲಿ, ಐವತ್ತು ವರ್ಷವೂ ತುಂಬದೆ, ತೀರಿಕೊಂಡರು.

ಇಂದು ಅಮೆರಿಕಾದ ಅನೇಕ ಸಂಸ್ಥಾನಗಳಲ್ಲಿ ಅನುಮತಿಯಿಲ್ಲದೆ ಅಳಿಲನ್ನು ಹಿಡಿದು ಬೇರೆ ಕಡೆ ಬಿಡುವಂತಿಲ್ಲ. ಇಂಗ್ಲೆಂಡಿನ ಕಾನೂನು ಇನ್ನೂ ಕಠಿಣ: ಬೋನಿಗೆ ಬಿದ್ದ ಬೂದು ಅಳಿಲನ್ನು ಮತ್ತೆ ಹೊರಗೆ ಬಿಡುವುದೇ ಅಪರಾಧ, ಹಿಡಿದವನು ಅದನ್ನು ನೋವಿಲ್ಲದಂತೆ ಕೊಲ್ಲಬೇಕು. ಹಿಡಿಯುವ ಮೊದಲೇ ಯೋಚಿಸು ಎಂದು ಹೇಳಿದಂತಾಯಿತು. ಐಸೆನ್‌ಹೋವರ್ ಅವರ ಹುಲ್ಲುಹಾಸು ನಡುವೆ ಇಲ್ಲವಾಗಿ, 1995ರಲ್ಲಿ ಕ್ಲಿಂಟನ್ ಅವರ ಕಾಲದಲ್ಲಿ ಮತ್ತೆ ಸಿದ್ಧವಾಯಿತು. ಅಳಿಲುಗಳು ನಡುವೆ ಎಂದೂ ಇಲ್ಲವಾಗಿರಲಿಲ್ಲ. ರೇಗನ್ ಅವರಂತೂ ತಾವು ವಾರಾಂತ್ಯ ಕಳೆಯುತ್ತಿದ್ದ ಕ್ಯಾಂಪ್ ಡೇವಿಡ್ಡಿನಿಂದ ಓಕ್ ಕಾಯಿಗಳನ್ನು ಆಯ್ದು ತಂದು ಕಚೇರಿಯ ಬಾಗಿಲಲ್ಲಿ ಅವಕ್ಕೆ ಹಾಕುತ್ತಿದ್ದರು.

ಇದನ್ನೆಲ್ಲ ನಮ್ಮ ಬೀದಿಯ ಗೃಹಸ್ಥರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಆ ತೋಪಿನಲ್ಲಿ ನಾಯಿ ಇದ್ದವು" ಎಂದರು. ಈ ವರ್ಷ ಅವರ ಸೀಬೆಯ ಗಿಡದ ಕಾಯಿಗಳಿಗೆಲ್ಲ ಹಳೆಯ ಪಂಚೆ ಹರಿದು ಹೊಲಿದ ಪುಟ್ಟ ಚೀಲಗಳನ್ನು ಕಟ್ಟಿದ್ದಾರೆ. ಏಣಿ ಹಾಕಿದರೂ ಕೈಗೆ ಎಟುಕದ ತುದಿಯ ಕೊಂಬೆಗಳಿಗೆ ಚೀಲವಿಲ್ಲ.